ಎಲ್ಲದಕ್ಕೂ ಇಲ್ಲ

ಮಾರ್ಕೋನಹಳ್ಳಿ ಡ್ಯಾಮಿನ ಕೆಳಗಿನ ಆ ಊರಿನಲ್ಲಿ ಕಾಯಿಲೆಯವರೇ ಇರಲಿಲ್ಲ. ಕಾಗದದ ಮೇಲಂತೂ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೇ ಸಮುದಾಯ ಭವನದ ಮುಂದೆ ಇನ್ನೂರು ಜನ ಸಾಲು ನಿಂತಿದ್ದರು. ಒಬ್ಬರು ಸೊಂಟ ಹಿಡಿದುಕೊಂಡಿದ್ದರು, ಇನ್ನೊಬ್ಬರು ದವಡೆ ಹಿಡಿದುಕೊಂಡಿದ್ದರು, ಹಿಡಿದುಕೊಳ್ಳಲು ಏನೂ ಇಲ್ಲದವರು ಗೋಡೆ ಹಿಡಿದುಕೊಂಡಿದ್ದರು. ಆದರೆ ಸಿಂಚನಾ ಫಾರಂ ಮುಂದಿಟ್ಟುಕೊಂಡು ಏನು ಕೇಳಿದರೂ ಅವರದ್ದು ಒಂದೇ ಉತ್ತರ. ಶುಗರ್ ಇದೆಯಾ? ಇಲ್ಲ. ಬಿಪಿ? ಇಲ್ಲ. ಯಾವುದಾದರೂ ಮಾತ್ರೆ ನುಂಗುತ್ತಿದ್ದೀರಾ? ಅಯ್ಯೋ, ಇಲ್ಲ ಕಣವ್ವ. ಆಪರೇಷನ್ ಆಗಿದೆಯಾ? ಅದಂತೂ ಇಲ್ಲವೇ ಇಲ್ಲ.

ಸಿಂಚನಾ ತುಮಕೂರಿನಲ್ಲಿ ನರ್ಸಿಂಗ್ ಮೂರನೇ ವರ್ಷ ಓದುತ್ತಿದ್ದ ಹುಡುಗಿ. ಅಮೆರಿಕದ ಯಾವುದೋ ಊರಿನ ಚರ್ಚೊಂದು ಹನ್ನೆರಡು ಜನ ಕಾಲೇಜು ಹುಡುಗ ಹುಡುಗಿಯರನ್ನು ವೈದ್ಯಕೀಯ ಸೇವೆಗೆಂದು ಕಳಿಸಿತ್ತು. ಅವರ ಮಾತನ್ನು ಕನ್ನಡಕ್ಕೂ ಜನರ ಮಾತನ್ನು ಇಂಗ್ಲಿಷಿಗೂ ದಾಟಿಸುವುದು ಅವಳ ಕೆಲಸ. ಅವಳ ಕಾಲೇಜಿನಿಂದ ಆರು ಹುಡುಗಿಯರು ಬಂದಿದ್ದರು. ಪುಕ್ಕಟೆ ಸೇವೆಯೇನಲ್ಲ, ಕ್ಯಾಂಪು ಮುಗಿದ ಮೇಲೆ ಅವರ ಪೋಸ್ಟಿಂಗ್ ಹಾಳೆಗೆ, ಅಂದರೆ ಹೊರಗೆ ಕೆಲಸ ಕಲಿತ ದಾಖಲೆಗೆ, ಸಹಿ ಬೀಳಬೇಕಿತ್ತು. ಆ ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ.

ಸಹಿ ಹಾಕಬೇಕಾದವನು ಶಿವರಾಜ್. ಕುಣಿಗಲ್ಲಿನವನು, ಒಂದು ಟ್ರಸ್ಟ್ ಇಟ್ಟುಕೊಂಡಿದ್ದ. ಟ್ರಸ್ಟು ಅಂದರೆ ಒಂದು ಬ್ಯಾನರು, ಒಂದು ಬಿಳಿ ಇನ್ನೋವಾ, ಎರಡು ಫೋನು. ಹೋದ ವರ್ಷ ಯೋಗ ಕಲಿಯಲು ಬಂದ ಜರ್ಮನಿಯವರನ್ನು ದೇವರಾಯನದುರ್ಗ ಹತ್ತಿಸಿದ್ದ, ಈ ವರ್ಷ ಚರ್ಚಿನವರನ್ನು ಹಳ್ಳಿಗೆ ಕರೆತಂದಿದ್ದ. ದೇವರ ವಿಷಯದಲ್ಲಿ ಅವನಿಗೆ ಯಾವ ಭೇದಭಾವವೂ ಇರಲಿಲ್ಲ.

ಸಿಂಚನಾಳ ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಅವಳಪ್ಪ ಪರಮಶಿವಯ್ಯ ವಿಭೂತಿ, ಬತ್ತಿ, ಕರ್ಪೂರ ಮಾರುವ ಸಣ್ಣ ಅಂಗಡಿಯವರು, ಮಠದ ದಾಸೋಹಕ್ಕೆ ತಪ್ಪದೆ ಹೋಗಿ ಬಡಿಸುವವರು. ಮಗಳು ಕ್ರಿಶ್ಚಿಯನ್ ಕ್ಯಾಂಪಿಗೆ ಹೋಗುತ್ತೇನೆ ಅಂದಾಗ ಅಕ್ಕಪಕ್ಕದವರು ಮೂಗು ಮುರಿದರು. ಪರಮಶಿವಯ್ಯ ಮಾತ್ರ, "ಮಠದಲ್ಲಿ ಅನ್ನ ಬಡಿಸೋವಾಗ ನಾವು ಯಾರ ಜಾತೀನೂ ಕೇಳಲ್ಲ. ಅವ್ರು ಮದ್ದು ಕೊಡೋವಾಗ ಕೇಳ್ತಾರಾ ನೋಡ್ಕೊಂಡ್ ಬಾ," ಅಂದು ಕಳಿಸಿದ್ದರು.

ಯಾರೂ ಕೇಳಿರಲಿಲ್ಲ. ಅದನ್ನು ಇದ್ದ ಹಾಗೆ ಹೇಳಬೇಕು. ಮೊದಲ ಎರಡು ದಿನ ಗುಬ್ಬಿಯ ಕಲ್ಯಾಣ ಮಂಟಪವೊಂದರಲ್ಲಿ ಕ್ಯಾಂಪು ನಡೆದಿತ್ತು. ತಂಡದ ಜೊತೆ ಮಿಲ್ಲರ್ ಅನ್ನುವ ವಯಸ್ಸಾದ ಹಲ್ಲಿನ ಡಾಕ್ಟರು ಬಂದಿದ್ದರು. ಆ ಮನುಷ್ಯ ಒಂದು ಹಲ್ಲು ಕೀಳುವ ಮುಂಚೆ ಹತ್ತು ಪ್ರಶ್ನೆ ಕೇಳುತ್ತಿದ್ದರು, ಬಾಯಿಗೆ ಬೆಳಕು ಬಿಟ್ಟು ಮೂರು ಸಲ ನೋಡುತ್ತಿದ್ದರು, ಅನುಮಾನ ಬಂದರೆ ಮುಟ್ಟದೆ ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದರು. ಕೊನೆಯಲ್ಲಿ ಹುಡುಗರು ರೋಗಿಯ ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಿದ್ದರು. ಗುಬ್ಬಿಯ ಹೆಂಗಸರು ಕಣ್ಣು ಮುಚ್ಚಿ ಕೈಮುಗಿದು ಕೂರುತ್ತಿದ್ದರು. ಯಾವ ದೇವರಾದರೇನು, ನೋವು ಹೋದರೆ ಸಾಕಿತ್ತು ಅವರಿಗೆ. ಸಿಂಚನಾಗೆ ಆ ಮುದುಕ ಡಾಕ್ಟರ ಮೇಲೆ ಗೌರವ ಹುಟ್ಟಿತ್ತು.

ಆದರೆ ಎರಡನೇ ದಿನ ಸಂಜೆ ಡಾಕ್ಟರ್ ಮಿಲ್ಲರ್ ಜನರ ಪ್ರೀತಿಗೆ ಕಟ್ಟುಬಿದ್ದು ಮೂರು ಮೆಣಸಿನಕಾಯಿ ಬಜ್ಜಿ ತಿಂದರು. ಮೂರನೇ ದಿನ, ಈ ಊರಿನ ಸರದಿ ಬಂದ ಬೆಳಿಗ್ಗೆ, ಅವರು ತುಮಕೂರಿನ ಲಾಡ್ಜಿನಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ಇತ್ತ ಶಿವರಾಜ್ ಎರಡು ದಿನದಿಂದ ಆಟೋಗೆ ಮೈಕು ಕಟ್ಟಿಸಿ, ಹಲ್ಲು ಕೀಳಿಸಿಕೊಳ್ಳುವವರಿಗೆ ಉಚಿತ ಎಂದು ಸುತ್ತ ಹತ್ತೂರಲ್ಲಿ ಕೂಗಿಸಿಬಿಟ್ಟಿದ್ದ.

"ಕ್ಯಾನ್ಸಲ್ ಮಾಡಕ್ಕಾಗಲ್ಲ," ಅಂದ ಅವನು. "ಕೇಟ್ಲಿನ್ ಎರಡು ದಿನದಿಂದ ಪಕ್ಕದಲ್ಲೇ ನಿಂತು ನೋಡಿಲ್ವಾ? ಅವಳೇ ಮಾಡ್ತಾಳೆ."

ಕೇಟ್ಲಿನ್‌ಗೆ ಇಪ್ಪತ್ತು ವರ್ಷ, ಚರ್ಚಿನ ತಂಡದವಳು. ಮುಂದೆ ಹಲ್ಲಿನ ಡಾಕ್ಟರಾಗಬೇಕು ಅಂದುಕೊಂಡಿದ್ದವಳು, ಆ ಓದಿಗೆ ಇನ್ನೂ ಸೇರಿರಲಿಲ್ಲ. ಗುಬ್ಬಿಯಲ್ಲಿ ಡಾಕ್ಟರು ಅವಳ ಕೈ ಹಿಡಿದು ಎರಡು ಹಲ್ಲು ಕೀಳಿಸಿದ್ದರು, ಅಷ್ಟೇ ಅವಳ ಅನುಭವ. ಒಳ್ಳೆಯ ಹುಡುಗಿ. ಅಜ್ಜಿಯರ ಕಾಲ ಬಳಿ ನೆಲಕ್ಕೇ ಕೂತು ಅವರ ಕೈ ನೇವರಿಸುತ್ತಿದ್ದಳು. ಇಲ್ಲ ಇಲ್ಲ ಅನ್ನುವ ಫಾರಂಗಳನ್ನು ನೋಡಿ, "ಎಷ್ಟು ಆರೋಗ್ಯವಂತ ಜನ!" ಎಂದು ನಿಜವಾಗಿ ಬೆರಗಾಗಿದ್ದಳು. ಹಲ್ಲು ಕೀಳಬೇಕು ಅಂದಾಗ ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ಮೂಲೆಗೆ ಹೋಗಿ ಕಣ್ಣು ಮುಚ್ಚಿ ನಿಂತಳು, ತಿರುಗಿ ಬಂದು, ತನ್ನ ಕೈಯಿಂದ ದೇವರು ಕೆಲಸ ಮಾಡಿಸುತ್ತಾನೆ ಅಂದಳು. ಸಾಲಿನಲ್ಲಿದ್ದವರು ಬೇರೆ, "ಆ ಬಿಳೀ ಹುಡುಗೀದು ಕೈಗುಣ ಚೆನ್ನಾಗೈತಂತೆ," ಅಂದುಕೊಳ್ಳುತ್ತಿದ್ದರು. ಅವಳ ನಂಬಿಕೆ, ಇವರ ನಂಬಿಕೆ ಎರಡೂ ಸೇರಿಕೊಂಡ ಮೇಲೆ ನಡುವೆ ಪ್ರಶ್ನೆ ಕೇಳುವವರು ಯಾರು?

ಸಿಂಚನಾ ಕೇಳಬಹುದಿತ್ತು. ಕೇಳಲಿಲ್ಲ. ಇದು ಸರಿಯಲ್ಲ ಅಂತ ಅವಳಿಗೆ ಆ ಕ್ಷಣದಲ್ಲೇ ಗೊತ್ತಿತ್ತು. ನಾಲಿಗೆ ತುದಿಗೆ ಬಂದ ಮಾತನ್ನು ಪೋಸ್ಟಿಂಗ್ ಹಾಳೆ ನೆನೆದು ನುಂಗಿಕೊಂಡಳು. ಆಮೇಲೆ ಅದಕ್ಕಾಗಿ ತನ್ನನ್ನು ತಾನು ಬಹಳ ಬೈದುಕೊಂಡಳು, ಆ ಮಾತು ಬೇರೆ.

ಮೊದಲ ಇಬ್ಬರದು ಅಲುಗಾಡುತ್ತಿದ್ದ ಹಲ್ಲುಗಳು, ಬಾ ಅಂದರೆ ಬರುವಂತಿದ್ದವು. ಬಂದವು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು, ಶಿವರಾಜ್ ಫೋಟೋ ತೆಗೆದ. ಕೇಟ್ಲಿನ್ ಬೆನ್ನು ನೆಟ್ಟಗಾಯಿತು. ಮೂರನೆಯವಳು ನಿಂಗಮ್ಮ.

ಐವತ್ತೈದರ ಸುಮಾರಿನ, ಕಡ್ಡಿಯಂಥ ಹೆಂಗಸು. ಎಡಗೆನ್ನೆ ಊದಿಕೊಂಡು ಆ ಕಡೆಯ ಕಣ್ಣು ಅರ್ಧ ಮುಚ್ಚಿತ್ತು. ನಾಲ್ಕು ದಿನದಿಂದ ನಿದ್ದೆಯಿಲ್ಲ, ಗಂಜಿ ಬಿಟ್ಟರೆ ಏನೂ ಒಳಗೆ ಹೋಗಿಲ್ಲ ಅಂದಳು. ಸೊಂಟದ ಎಲೆ ಅಡಿಕೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಸೆರಗನ್ನು ಕುತ್ತಿಗೆಯವರೆಗೆ ಬಿಗಿಯಾಗಿ ಎಳೆದುಕೊಂಡು ಪ್ಲಾಸ್ಟಿಕ್ ಕುರ್ಚಿಗೆ ಒರಗಿದಳು. ಸಿಂಚನಾ ಕೇಳಿದ್ದೆಲ್ಲ ಕೇಳಿದಳು. ಇಲ್ಲ, ಇಲ್ಲ, ಇಲ್ಲ, ಇಲ್ಲ. ಫಾರಂಗೆ ಹೆಬ್ಬೆಟ್ಟು ಬಿತ್ತು.

ಕೇಟ್ಲಿನ್ ಮರಗಟ್ಟಿಸುವ ಇಂಜೆಕ್ಷನ್ ಎಳೆದುಕೊಳ್ಳುತ್ತಿದ್ದಳು. ತಲೆ ಅಲುಗದಂತೆ ಹಿಡಿಯಲು ಸಿಂಚನಾ ನಿಂಗಮ್ಮನ ಮೇಲೆ ಬಾಗಿದಳು. ಆಗ ಅವಳ ಕಿವಿಗೆ ಒಂದು ಸದ್ದು ಬಿತ್ತು. ಟಿಕ್, ಟಿಕ್, ಟಿಕ್. ವಾಚಿನ ಸದ್ದು ಅಂದುಕೊಂಡಳು. ನಿಂಗಮ್ಮನ ಕೈ ನೋಡಿದಳು, ಗಾಜಿನ ಬಳೆ ಬಿಟ್ಟು ಏನೂ ಇರಲಿಲ್ಲ. ತನ್ನ ಕೈಯಲ್ಲೂ ವಾಚಿರಲಿಲ್ಲ. ಸದ್ದು ಬರುತ್ತಿದ್ದದ್ದು ಆ ಹೆಂಗಸಿನ ಎದೆಯೊಳಗಿನಿಂದ.

ಸಿಂಚನಾ ಹೋದ ವರ್ಷ ಹೃದಯದ ವಾರ್ಡಿನಲ್ಲಿ ಪೋಸ್ಟಿಂಗ್ ಇದ್ದಾಗ ಇದೇ ಸದ್ದನ್ನು ಕೇಳಿದ್ದಳು. ಕೆಟ್ಟುಹೋದ ಹೃದಯದ ಕವಾಟ ತೆಗೆದು ಲೋಹದ ವಾಲ್ವ್ ಕೂರಿಸಿದವರಲ್ಲಿ ಮಾತ್ರ ಆ ಸದ್ದು ಬರುತ್ತದೆ. ಅಂಥವರು ಬದುಕಿರುವವರೆಗೂ ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ ನುಂಗಬೇಕು. ಅವರ ಹಲ್ಲನ್ನು ರಕ್ತಪರೀಕ್ಷೆ ಮಾಡದೆ ಹೀಗೆ ಕುರ್ಚಿಯಲ್ಲಿ ಕೂರಿಸಿ ಕಿತ್ತರೆ ರಕ್ತ ನಿಲ್ಲುವುದಿಲ್ಲ. ಬಾಯಿಯ ಕೀವು ವಾಲ್ವಿಗೆ ಇಳಿದರೆ ಅದು ಇನ್ನೊಂದು ಗಂಡಾಂತರ. ಇಲ್ಲಿಂದ ಕುಣಿಗಲ್ ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಏನು ಬೇಕಾದರೂ ಆಗಬಹುದಿತ್ತು.

"ಅಮ್ಮಾ," ಅವಳು ಕಿವಿಯ ಹತ್ತಿರ ಪಿಸುಗುಟ್ಟಿದಳು, "ಎದೆ ಆಪರೇಷನ್ ಆಗಿದ್ಯಾ ನಿಮ್ಗೆ?"

"ಇಲ್ಲ," ಅಂದಳು ನಿಂಗಮ್ಮ. ಸೆರಗು ಇನ್ನಷ್ಟು ಬಿಗಿಯಾಯಿತು.

ಸಿಂಚನಾ ಕೇಟ್ಲಿನ್ ಕೈಯನ್ನು ಅಡ್ಡ ಹಿಡಿದು, ನಿಲ್ಲಿಸು ಅಂದಳು. ಶಿವರಾಜ್ ಓಡಿಬಂದ.

"ಏನಮ್ಮಾ? ಯಾಕೆ ನಿಲ್ಸಿದೆ?"

"ಸರ್, ಇವ್ರಿಗೆ ವಾಲ್ವ್ ಹಾಕಿದಾರೆ. ಹಲ್ಲು ಮುಟ್ಟೋ ಹಾಗಿಲ್ಲ."

ಶಿವರಾಜ್ ಬಾಗಿ, "ಏನವ್ವಾ, ನಿಂಗೆ ಆಪರೇಷನ್ ಆಗೈತಾ?" ಅಂದ.

"ಇಲ್ಲ ಸ್ವಾಮಿ."

"ಕೇಳಿಸ್ತಾ?" ಅವನು ಫಾರಂ ತಟ್ಟಿದ. "ಇಲ್ಲ ಅಂತ ಬರ್ದಿರೋಳು ನೀನೇ. ಹೆಬ್ಬೆಟ್ಟು ಬೇರೆ ಹಾಕವ್ರೆ. ಹೊರಗೆ ಇನ್ನೂರು ಜನ ಕಾಯ್ತಾ ಇದಾರೆ. ನೀನು ಟ್ರಾನ್ಸ್‌ಲೇಟ್ ಮಾಡಕ್ಕೆ ಬಂದಿರೋಳು, ಅಷ್ಟ್ ಮಾಡು. ಬಾಯಿ ಅಗಲಿಸ್ಬೇಕು, ಇಂಜೆಕ್ಷನ್ ಚುಚ್ಚುತ್ತೆ ಅಂತ ಹೇಳು."

"ಹೇಳಲ್ಲ."

ಆ ಮಾತು ತನ್ನ ಬಾಯಿಂದಲೇ ಬಂದದ್ದು ಅಂತ ಸಿಂಚನಾಗೆ ಅರೆಕ್ಷಣ ತಡವಾಗಿ ಗೊತ್ತಾಯಿತು. ಗೊತ್ತಾದ ಮೇಲೆ ಹಿಂದೆಗೆಯಲು ಮನಸ್ಸಾಗಲಿಲ್ಲ.

"ಏನಂದೆ?"

"ಹೇಳಲ್ಲ ಅಂದೆ ಸರ್. ಅವ್ರು ಹೇಳೋದನ್ನ ಇವ್ರಿಗೆ ಹೇಳಲ್ಲ, ಇವ್ರು ಹೇಳೋದನ್ನ ಅವ್ರಿಗೂ ಹೇಳಲ್ಲ. ಇವ್ರ ಹಲ್ಲು ಕೀಳೋಕೆ ನನ್ನ ಬಾಯಿ ಸಿಗಲ್ಲ."

ಶಿವರಾಜ್ ದನಿ ತಗ್ಗಿಸಿದ. ಅವನು ದನಿ ತಗ್ಗಿಸಿದರೆ ಬೆದರಿಕೆ ಅಂತ ಮೂರು ದಿನದಲ್ಲಿ ಎಲ್ಲರಿಗೂ ಗೊತ್ತಾಗಿತ್ತು. "ನಿನ್ ಹಾಳೆ ನನ್ ಬ್ಯಾಗಲ್ಲಿದೆ. ನೆನಪಿರ್ಲಿ."

"ಇರ್ಲಿ ಸರ್. ಬ್ಯಾಗಲ್ಲೇ ಇರ್ಲಿ."

ಈಗ ಸಿಡಿದವಳು ನಿಂಗಮ್ಮ. ಇಷ್ಟು ಹೊತ್ತು ಕುರ್ಚಿಯಲ್ಲಿ ಮುದುರಿ ಕೂತಿದ್ದವಳು ಎದ್ದು ಸಿಂಚನಾಳ ಎದುರು ನಿಂತಳು. "ನಿಂಗ್ಯಾಕೆ ಬೇಕವ್ವ ಈ ಉಸಾಬರಿ? ಹಲ್ಲು ನಂದು, ನೋವು ನಂದು. ಎಳೇ ಹುಡುಗಿ, ನಿಂಗೇನ್ ಗೊತ್ತಾಯ್ತದೆ? ಮೂರ್ ಕಡೆ ಹೋಗಿ ಬಂದಿವ್ನಿ. ನಿಜ ಹೇಳ್ದೆ. ಎದೆ ಆಪರೇಷನ್ ಕಾರ್ಡ್ ತೋರಿಸ್ದೆ. ಕಾರ್ಡ್ ನೋಡ್ತಿದ್ದಂಗೆ ಒಬ್ನು ಬೆಂಗಳೂರಿಗೋಗು ಅಂದ, ಇನ್ನೊಬ್ಳು ಎದೆ ಡಾಕ್ಟ್ರ ಲೆಟ್ರು ತಕಂಬಾ ಅಂದ್ಲು, ಮೂರ್ನೇವ್ನು ಬಾಯೂ ತೆಗೆಸ್ಲಿಲ್ಲ. ನಿಜ ಹೇಳಿದ್ರೆ ಯಾರೂ ಮುಟ್ಟಲ್ಲ ಕಣವ್ವ ನನ್ನ. ಅದಕ್ಕೇ ಇಲ್ಲ ಅಂದೆ. ಬುಡು, ಕೀಳ್ಲಿ."

ಸಾಲಿನ ಮುಂದೆ ನಿಂತಿದ್ದ ದೊಡ್ಡಗಂಗಮ್ಮ ಅನ್ನುವ ಅಜ್ಜಿ ತಲೆಯಾಡಿಸಿದಳು. "ನಾನೇ ಹೇಳ್ಕೊಟ್ಟಿದ್ದು. ಹೋದ್ವರ್ಸ ಕಣ್ಣಿನ ಕ್ಯಾಂಪಲ್ಲಿ ಸುಗರ್ ಐತೆ ಅಂದ್ಬುಟ್ಟೆ. ಪಕ್ಕಕ್ಕೆ ಕೂರ್ಸುದ್ರು, ಸಂಜೆಗಂಟ ಕೂತು ವಾಪಸ್ ಬಂದೆ. ಇಲ್ಲ ಅಂದೋರಿಗೆಲ್ಲ ಕನ್ನಡಕ ಸಿಕ್ತು. ಅದಕ್ಕೇ ಈ ಸರ್ತಿ ಏನ್ ಕೇಳಿದ್ರೂ ಇಲ್ಲ ಅನ್ರಿ ಅಂತ ಊರಿಗೆಲ್ಲ ಹೇಳಿವ್ನಿ."

ಬೆಳಗಿನಿಂದ ತಾನು ತುಂಬಿದ ಫಾರಂಗಳ ಗುಡ್ಡೆಯನ್ನು ಸಿಂಚನಾ ನೋಡಿದಳು. ಒಂದೊಂದರಲ್ಲೂ ಸುಳ್ಳು, ಒಂದೊಂದರ ಕೆಳಗೂ ಅವಳದೇ ಅಕ್ಷರ. ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ? ಈ ಹೆಂಗಸರು ತಪ್ಪು ಮಾಡಿರಲಿಲ್ಲ. ನಿಜ ಹೇಳಿದವರನ್ನು ಪಕ್ಕಕ್ಕೆ ಕೂರಿಸಿ ಇವರಿಗೆ ಸುಳ್ಳು ಕಲಿಸಿದ್ದು ತನ್ನಂಥ ಬಿಳಿ ಕೋಟಿನವರೇ.

ಕೇಟ್ಲಿನ್ ಸಿರಿಂಜು ಹಿಡಿದು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಏನಾಗುತ್ತಿದೆ, ಇವರೆಲ್ಲ ಯಾಕೆ ಕೂಗಾಡುತ್ತಿದ್ದಾರೆ, ದಯವಿಟ್ಟು ಹೇಳು ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡಳು. ಶಿವರಾಜ್ ನಗುನಗುತ್ತಾ, ಏನಿಲ್ಲ, ಮುದುಕಿ ಸ್ವಲ್ಪ ಹೆದರಿದ್ದಾಳೆ, ನೀನು ಮುಂದುವರಿಸು ಅಂದ.

ಸಿಂಚನಾಗೆ ಇನ್ನು ಮಾತು ಸಾಕಾಯಿತು. ತಾನು ಒಂದು ಹೇಳಿದರೆ ಶಿವರಾಜ್ ಇನ್ನೊಂದು ಹೇಳುತ್ತಾನೆ, ನಿಂಗಮ್ಮ ಇಲ್ಲ ಅನ್ನುತ್ತಾಳೆ, ಫಾರಂ ಕೂಡ ಇಲ್ಲ ಅನ್ನುತ್ತದೆ. ಅವಳು ಕೇಟ್ಲಿನ್‌ಳ ಕೈಯಿಂದ ಸಿರಿಂಜನ್ನು ತೆಗೆದು ಟ್ರೇಗೆ ಹಾಕಿದಳು. ರಟ್ಟೆ ಹಿಡಿದು ಎಳೆದಳು. ಅವಳ ತಲೆಯನ್ನು ಬಗ್ಗಿಸಿ, ಕಿವಿಯನ್ನು ನಿಂಗಮ್ಮನ ಎದೆಗೆ ಒತ್ತಿ ಹಿಡಿದಳು. ನಿಂಗಮ್ಮ ಕೊಸರಾಡಿದಳು. ಸಿಂಚನಾ ಬಿಡಲಿಲ್ಲ.

"ಸುಮ್ನಿರಮ್ಮಾ ಒಂದ್ ನಿಮಿಷ! ಎಲ್ಲಾರೂ ಸುಮ್ನಿರಿ!"

ಅಚ್ಚರಿಯ ವಿಷಯ, ಎಲ್ಲರೂ ಸುಮ್ಮನಾದರು. ಹೊರಗೆ ಡೀಸೆಲ್ ಜನರೇಟರಿನ ಸದ್ದು ಮಾತ್ರ ಇತ್ತು. ಕೇಟ್ಲಿನ್ ಮೊದಲು ಗಾಬರಿಯಾದಳು, ಆಮೇಲೆ ಹುಬ್ಬು ಗಂಟಿಕ್ಕಿದಳು, ಆಮೇಲೆ ಅವಳ ಬಾಯಿ ಮೆಲ್ಲಗೆ ತೆರೆದುಕೊಂಡಿತು. ತಲೆಯೆತ್ತಿ ಸಿಂಚನಾಳನ್ನು ನೋಡಿದಳು. ಲೋಹವಾ ಎಂದು ಕೇಳಿದಳು. ಸಿಂಚನಾ ಹೂಂ ಅಂದಳು. ಕೇಟ್ಲಿನ್ ತಾನು ಚುಚ್ಚಲು ಹೊರಟಿದ್ದ ಸಿರಿಂಜನ್ನು ನೋಡಿದಳು, ಎರಡೂ ಕೈಯ ಗ್ಲೌಸನ್ನು ಎಳೆದು ತೆಗೆದಳು. ಆಮೇಲೆ ಹಲ್ಲು ಕೀಳುವ ಇಕ್ಕುಳ, ಸೂಜಿ, ಹತ್ತಿ ಎಲ್ಲವನ್ನೂ ಒಂದೊಂದಾಗಿ ಪೆಟ್ಟಿಗೆಗೆ ತುಂಬಿ, ಮುಚ್ಚಳ ಹಾಕಿ, ಅದರ ಮೇಲೇ ಕೂತುಬಿಟ್ಟಳು. ಶಿವರಾಜ್ ಹತ್ತು ಸಲ ಕರೆದರೂ ಜಪ್ಪಯ್ಯ ಅನ್ನಲಿಲ್ಲ.

"ಬೇರೆಯವ್ರು ಮಾಡ್ತಾರೆ," ಎಂದು ಶಿವರಾಜ್ ಪೆಟ್ಟಿಗೆಗೆ ಕೈ ಹಾಕಲು ಹೋದ. "ಅನುಪಮಾ, ನೀನ್ ಬಾರಮ್ಮ ಇಲ್ಲಿ. ಟ್ರಾನ್ಸ್‌ಲೇಷನ್ ನೀನ್ ಮಾಡು."

ಸಿಂಚನಾಳ ಸಹಪಾಠಿ ಅನುಪಮಾ ಮಾತ್ರೆಯ ಟೇಬಲ್ಲಿನಿಂದ ಎರಡು ಹೆಜ್ಜೆ ಬಂದಳು, ಸಿಂಚನಾಳ ಮುಖ ನೋಡಿದಳು, ಮತ್ತೆ ಎರಡು ಹೆಜ್ಜೆ ಹಿಂದೆ ಹೋಗಿ ಮಾತ್ರೆ ಎಣಿಸುವುದರಲ್ಲಿ ಮುಳುಗಿದಳು. ಜಗಳ ಮಾಡುವ ಧೈರ್ಯ ಅವಳಿಗಿರಲಿಲ್ಲ. ಆದರೆ ಬರಲೂ ಇಲ್ಲ. ಅಷ್ಟು ಸಾಕಾಗಿತ್ತು.

ಟೋಕನ್ ಕೂಗುವ ಮೈಕು ಬಾಗಿಲ ಬಳಿ ಇತ್ತು. ಸಿಂಚನಾ ನೆಟ್ಟಗೆ ಹೋಗಿ ಅದನ್ನು ಕೈಗೆತ್ತಿಕೊಂಡಳು.

"ಎಲ್ಲಾರೂ ಕೇಳಿ. ಹಲ್ಲಿನ ಡಾಕ್ಟ್ರು ಇವತ್ತು ಬಂದಿಲ್ಲ. ಇಲ್ಲಿರೋರೆಲ್ಲ ಇನ್ನೂ ಓದ್ತಿರೋ ಹುಡುಗ್ರು, ನನ್ ಥರಾನೇ. ಒಳ್ಳೆಯೋರು, ಆದ್ರೆ ಡಾಕ್ಟ್ರಲ್ಲ. ಇವತ್ತು ಇಲ್ಲಿ ಯಾರ ಹಲ್ಲನ್ನೂ ಕೀಳಲ್ಲ. ಮಿಕ್ಕಿದ್ದಕ್ಕೆ ಬಂದಿರೋರು ಫಾರಂ ವಾಪಸ್ ತನ್ನಿ. ಶುಗರ್ ಇದ್ರೆ ಇದೆ ಅನ್ನಿ, ಬಿಪಿ ಇದ್ರೆ ಇದೆ ಅನ್ನಿ. ನಾನ್ ಮತ್ತೆ ಬರೀತೀನಿ."

ಚಪ್ಪಾಳೆ ಬೀಳಬಹುದು ಅಂತ ಅವಳೇನಾದರೂ ಅಂದುಕೊಂಡಿದ್ದರೆ ಅದು ಅವಳ ತಪ್ಪು. ಬಿದ್ದದ್ದು ಬೈಗುಳ. ಬೆಳಿಗ್ಗೆಯಿಂದ ನಿಂತವರು, ಕೂಲಿ ಬಿಟ್ಟು ಬಂದವರು ಇವಳ್ಯಾರು ನಮಗೆ ಹೇಳಕ್ಕೆ ಅಂದರು. ದೊಡ್ಡಗಂಗಮ್ಮ ಕೋಲೂರಿಕೊಂಡು ಮೈಕಿನ ಬಳಿಗೇ ಬಂದಳು.

"ಅಲ್ಲ ಮಗ, ನಿಜ ಹೇಳಿ ಅಂತೀಯ. ಹೇಳ್ತೀವಿ. ಹೇಳಿದ್ಮೇಲೆ ವಾಪಸ್ ಕಳಿಸ್ತೀರಲ್ಲ, ಅದಕ್ಕೇನ್ ಮಾಡ್ತೀಯ? ನಿಂಗಿಯ ಹಲ್ಲು ಕೀಳೋರ್ಯಾರು? ನೀನಾ?"

ಅಜ್ಜಿಯ ಮಾತು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ಇನ್ನೂರು ಜನ ಸಿಂಚನಾಳನ್ನೇ ನೋಡುತ್ತಿದ್ದರು. ಕೀಳಬೇಡಿ ಅನ್ನುವುದು ಸುಲಭ, ಅಲ್ಲಿಗೆ ನಿಲ್ಲಿಸಿ ಮನೆಗೆ ಹೋದರೆ ನಿಂಗಮ್ಮನನ್ನು ವಾಪಸ್ ಕಳಿಸಿದ ನಾಲ್ಕನೆಯವಳು ತಾನೇ ಆಗುತ್ತೇನೆ ಅನ್ನಿಸಿತು.

"ನಾನ್ ಕೀಳಲ್ಲ ಅಜ್ಜಿ. ಕೀಳೋರ ಹತ್ರ ನಾನೇ ಕರ್ಕೊಂಡ್ ಹೋಗ್ತೀನಿ. ನಾಳೇನೇ, ಬೆಳಿಗ್ಗೆ ಒಂಬತ್ತಕ್ಕೆ ತುಮಕೂರು ಬಸ್ ಸ್ಟ್ಯಾಂಡಿಗೆ ಬರ್ಲಿ. ಹಲ್ಲು ಕೀಳಿಸೋತಂಕ ಅವ್ರ ಜೊತೆ ಬಿಟ್ಟು ಅಲ್ಲಾಡಲ್ಲ. ನಂದು ಶೆಟ್ಟಿಹಳ್ಳಿ, ವಿಭೂತಿ ಅಂಗಡಿ ಪರಮಶಿವಯ್ಯನ ಮಗಳು. ಮಾತು ತಪ್ಪಿದ್ರೆ ಅಂಗಡಿ ಮುಂದೆ ಬಂದು ನಿಂತ್ಕೊಂಡು ಬೈರಿ."

ನಿಂಗಮ್ಮ ಊದಿದ ಗಲ್ಲ ಹಿಡಿದುಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದಳು, ನಂಬಿದ ಹಾಗೇನೂ ಕಾಣಲಿಲ್ಲ.

ಸಂಜೆ ಇನ್ನೋವಾ, ಬಾಡಿಗೆ ಮಿನಿಬಸ್ಸು ಹೊರಡುವಾಗ ಐದು ಹುಡುಗಿಯರ ಹಾಳೆಗೆ ಸಹಿ ಬಿತ್ತು. ಸಿಂಚನಾಳ ಹಾಳೆ ಖಾಲಿಯಾಗಿ ಕೈಗೆ ಬಂತು. ರಜೆಯಲ್ಲಿ ಪೋಸ್ಟಿಂಗ್ ಪೂರ್ತಿ ಮತ್ತೆ ಮಾಡಬೇಕು. ಶಿವರಾಜ್ ಅವಳನ್ನು ಗಾಡಿಗೂ ಹತ್ತಿಸಿಕೊಳ್ಳಲಿಲ್ಲ. ಅವಳು ಕುಣಿಗಲ್ಲಿಗೆ ಹೋಗಿ ಬಸ್ಸು ಹಿಡಿದಳು. ಅವಳು ಹೊರಡುವ ಮುಂಚೆ ಕೇಟ್ಲಿನ್ ಗಾಡಿಯಿಂದಿಳಿದು ಬಂದು ಅವಳ ಕೈ ಹಿಡಿದುಕೊಂಡು ಅತ್ತಳು. ಸಿಂಚನಾಗೆ ಅವಳ ಮೇಲೆ ಸಿಟ್ಟಿರಲಿಲ್ಲ. ಮೊದಲು ಓದಿ ಬಾ ಅಂದಳು, ಅಷ್ಟೇ.

ಮನೆಯಲ್ಲಿ ಪರಮಶಿವಯ್ಯ ಖಾಲಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಏನಮ್ಮ, ಜಾತಿ ಕೇಳಿದ್ರಾ?"

"ಜಾತಿ ಕೇಳ್ಲಿಲ್ಲ ಅಪ್ಪ. ಕೇಳ್ಬೇಕಾಗಿದ್ದನ್ನ ಯಾರೂ ಸರಿಯಾಗಿ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಎಲ್ಲ ಹೇಳಿದಳು. ಪರಮಶಿವಯ್ಯ ಹಾಳೆಯನ್ನು ಮಡಿಸಿ ಅವಳ ಕೈಗೇ ಕೊಟ್ಟರು. "ಹೋಗ್ಲಿ ಬಿಡು. ನಾಳೆ ಎಷ್ಟೊತ್ತಿಗೆ ಬರ್ತಾರಂತೆ ಆ ಯಮ್ಮ? ಊಟ ಕಟ್ಟಿಸ್ತೀನಿ. ಗಂಜಿ ಆದ್ರೆ ನುಂಗ್ತಾರೆ ಅಲ್ವಾ?"

ನಿಂಗಮ್ಮ ಬರುತ್ತಾಳೋ ಇಲ್ಲವೋ ಅಂತ ಸಿಂಚನಾಗೆ ಅನುಮಾನವಿತ್ತು. ಆದರೆ ಬೆಳಿಗ್ಗೆ ಒಂಬತ್ತಕ್ಕೆ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ, ಕುಣಿಗಲ್ ಬಸ್ಸಿನ ಮೊದಲ ಸೀಟಿನಿಂದ ಆ ಕಡ್ಡಿಯಂಥ ಹೆಂಗಸು ಇಳಿದಳು. "ಬರಲ್ವೇನೋ ಅನ್ಕಂಡಿದ್ದೆ ನೀನು," ಅಂದಳು. "ನಾನೂ ನೀವು ಬರಲ್ವೇನೋ ಅನ್ಕೊಂಡಿದ್ದೆ," ಅಂದಳು ಸಿಂಚನಾ.

ಅವತ್ತು ಅವರು ಹತ್ತಿದ ಮೆಟ್ಟಿಲುಗಳಿಗೆ ಲೆಕ್ಕವಿಲ್ಲ. ದೊಡ್ಡದೊಂದು ಆಸ್ಪತ್ರೆಯ ಹಲ್ಲಿನ ವಿಭಾಗದ ಮುಂದೆ ಕೂತು ಕಾದರು. ಮಧ್ಯಾಹ್ನ ಡಬ್ಬಿ ತೆರೆದು ನಿಂಗಮ್ಮ ನಾಲ್ಕು ಗುಟುಕು ಗಂಜಿ ಕುಡಿದಳು. ಸಿಂಚನಾ ಬೆಳಿಗ್ಗೆಯಿಂದ ಒಂದೇ ಮಾತು ಯೋಚಿಸುತ್ತಿದ್ದಳು. ಒಳಗೆ ಹೋದ ತಕ್ಷಣ ತಾನೇ ಎಲ್ಲ ಹೇಳಿಬಿಡಲೇ? ವಾಲ್ವು, ಮಾತ್ರೆ, ಕಾರ್ಡು. ಹೇಳಿದರೆ ಕೆಲಸ ಬೇಗ ಆಗುತ್ತದೆ. ಆದರೆ ಮುಂದಿನ ಸಲ ತಾನು ಪಕ್ಕದಲ್ಲಿ ಇರುವುದಿಲ್ಲ.

ಮೂರು ಗಂಟೆಗೆ ಹೆಸರು ಕರೆದರು. ಒಳಗೆ ಡಾಕ್ಟರ್ ಅಕ್ಷತಾ ಅನ್ನುವ ಚಿಕ್ಕ ವಯಸ್ಸಿನ ಡಾಕ್ಟರು ತಲೆಯೆತ್ತದೆ ಫಾರಂ ಎಳೆದುಕೊಂಡರು.

"ಶುಗರ್ ಇದ್ಯಾ?"

"ಇಲ್ಲ."

"ಬಿಪಿ?"

"ಇಲ್ಲ."

"ಆಪರೇಷನ್ ಏನಾದ್ರೂ ಆಗಿದ್ಯಾ?"

ನಿಂಗಮ್ಮ ತಿರುಗಿ ಸಿಂಚನಾಳ ಮುಖ ನೋಡಿದಳು. ಸಿಂಚನಾಳ ಬಾಯಿ ತೆರೆಯಿತು, ಅವಳು ಅದನ್ನು ಮುಚ್ಚಿಕೊಂಡಳು. ಇವತ್ತು ಇಲ್ಲಿ ಎರಡೂ ಕಡೆ ಕನ್ನಡವೇ, ದಾಟಿಸುವವಳ ಅಗತ್ಯ ಇರಲಿಲ್ಲ. ಅವಳು ಕುರ್ಚಿಯ ಹಿಂದೆ ನಿಂತು ನಿಂಗಮ್ಮನ ಹೆಗಲ ಮೇಲೆ ಕೈಯಿಟ್ಟಳು.

"ಆಪರೇಷನ್ ಆಗಿದ್ಯೇನಮ್ಮಾ?" ಡಾಕ್ಟರು ಮತ್ತೆ ಕೇಳಿದರು, ಪೆನ್ನು ಆಗಲೇ 'ಇಲ್ಲ' ಎಂಬ ಚೌಕದ ಮೇಲೆ ಇತ್ತು.

"ಆಗೈತೆ!"

ಹೊರಗಿನ ಬೆಂಚಿನವರೆಲ್ಲ ಬಾಗಿಲ ಕಡೆ ತಿರುಗಿದರು. ನಿಂಗಮ್ಮ ಎಲೆ ಅಡಿಕೆ ಚೀಲದಿಂದ ಮಡಿಸಿ ಮಡಿಸಿ ಬಟ್ಟೆಯಂತಾಗಿದ್ದ ಕಾರ್ಡನ್ನು, ಅದರ ಜೊತೆ ಮಾತ್ರೆಯ ಹಾಳೆಯನ್ನು ತೆಗೆದು ಮೇಜಿನ ಮೇಲೆ ಬಡಿದಳು. ಕುತ್ತಿಗೆಯ ಸೆರಗನ್ನು ತಾನೇ ಸಡಿಲಿಸಿದಳು. ಎದೆಯ ನಡುವಿನ ಉದ್ದನೆಯ ಗಾಯದ ಗುರುತಿನ ತುದಿ ಕಾಣಿಸಿತು.

"ಎದೆ ಕುಯ್ದವ್ರೆ. ಒಳಗೆ ಕಬ್ಬಿಣ ಇಕ್ಕವ್ರೆ. ಏಳು ವರ್ಸದಿಂದ ದಿನಾ ಮಾತ್ರೆ ನುಂಗ್ತಿವ್ನಿ. ನಂಬಿಕೆ ಇಲ್ದಿದ್ರೆ ಬಂದು ಕಿವಿಗೊಟ್ಟು ಕೇಳು. ಕೇಳಿದ್ಮೇಲೆ ಮಾತ್ರ ನನ್ನ ವಾಪಸ್ ಕಳ್ಸಂಗಿಲ್ಲ, ಹೇಳಿವ್ನಿ. ರಕ್ತ ತಕತೀಯಾ, ತಕ. ಎಂಟ್ ದಿನ ಬುಟ್ಕಂಡು ಬಾ ಅಂತೀಯಾ, ಇಲ್ಲೇ ಹಾಸ್ಕಂಡು ಮನಿಕತೀನಿ. ಎದೆ ಡಾಕ್ಟ್ರು ಬೇಕಾ, ನೀನೇ ಫೋನ್ ಮಾಡಿ ಕರುಸ್ಕ. ಹಲ್ಲು ಕೀಳೋಗಂಟ ನಾನೂ ಈ ಹುಡುಗೀನೂ ಎದ್ದೋಗಲ್ಲ."

ಡಾಕ್ಟರು ಈಗ ತಲೆಯೆತ್ತಿದರು. ಕಾರ್ಡನ್ನು ಬಿಡಿಸಿ ಓದಿದರು, ಫಾರಂ ಮೇಲೆ ಬರೆಯಲು ಹೊರಟಿದ್ದನ್ನು ಬಿಟ್ಟು ಫೋನ್ ಕೈಗೆತ್ತಿಕೊಂಡು ಕಾರ್ಡಿನ ಮೇಲೆ ಎದೆ ಡಾಕ್ಟರ ನಂಬರ್ ಹುಡುಕಿದರು. "ನೀನು ಯಾರಮ್ಮ, ಮಗಳಾ?" ಎಂದು ಸಿಂಚನಾಳನ್ನು ಕೇಳಿದರು.

"ಅಲ್ಲ," ಅಂದಳು ಸಿಂಚನಾ. ಗೋಡೆಯ ಪಕ್ಕದಲ್ಲಿದ್ದ ಸ್ಟೂಲನ್ನು ಎಳೆದು ನಿಂಗಮ್ಮನ ಪಕ್ಕಕ್ಕೆ ಹಾಕಿಕೊಂಡು ಕೂತಳು.